ಸಿಪ್ಪೆ ಸುಲಿಯಬಾರದ ಗೆಡ್ಡೆ

ಜನವರಿ 11

ಅಕ್ಕನಿಗೆ,

ನಿನ್ನ ಡಬ್ಬಿ ನಿನ್ನೆ ಕೈ ಸೇರಿತು. ಏಳು ವರ್ಷಗಳ ಮೇಲೆ ನಿನ್ನ ಕೈಬರಹ ನೋಡಿದೆ, ಅದೂ ವಿಳಾಸದ ಚೀಟಿಯ ಮೇಲೆ! ಅಂಚೆಯವರು ಸಹಿ ಮಾಡಿ ಅಂದರೆ ನನ್ನ ಹೆಸರೇ ಮರೆತುಹೋಗಿ ಪೆನ್ನು ಹಿಡಿದು ಸುಮ್ಮನೆ ನಿಂತಿದ್ದೆ.

ಒಳಗೆ ಮುದುರಿದ ಕಾಗದ, ಕಾಗದದ ನಡುವೆ ಎರಡು ಗೆಡ್ಡೆ. ಪತ್ರ ಇಲ್ಲ. ಡಬ್ಬಿಯನ್ನು ಬೋರಲು ಹಾಕಿ ಕುಟ್ಟಿದೆ, ಮುದುರಿದ ಕಾಗದಗಳನ್ನೆಲ್ಲ ಬಿಡಿಸಿ ಓದಿದೆ. ಯಾವುದೋ ಲೆಕ್ಕದ ಪಾಠಪುಸ್ತಕದ ಹಾಳೆಗಳು, ನೀನು ಪುಸ್ತಕ ಬೈಂಡು ಮಾಡುವಾಗ ಕತ್ತರಿಸಿ ಎಸೆಯುವಂಥವು. ನಮ್ಮವಳು, "ಅಡುಗೆಯವನಿಗೆ ಗೆಡ್ಡೆ ಕಳಿಸಿದ್ದಾರೆ ಅಂದ್ರೆ ಬೇಯಿಸು ಅಂತ ಅರ್ಥ. ಇದಕ್ಕೂ ಕಾಗದ ಬೇಕಾ?" ಅಂದಳು. ನನಗೂ ಹೌದೆನ್ನಿಸಿತು. ಮುನ್ನೂರು ರೋಗಿಗಳಿಗೆ ಇಪ್ಪತ್ತೆರಡು ವರ್ಷದಿಂದ ಉಪ್ಪಿಲ್ಲದ ಗಂಜಿ ಬೇಯಿಸುವವನಿಗೆ ಗೆಡ್ಡೆ ಕಂಡರೆ ಬೇರೇನು ತೋಚೀತು? ಆಸ್ಪತ್ರೆಯ ಅಡುಗೆಮನೆಗೆ ಒಯ್ದು, ಎರಡನ್ನೂ ತಿಕ್ಕಿ ತೊಳೆದು, ಒಂದರ ಸಿಪ್ಪೆ ಸುಲಿದೆ.

ಅಕ್ಕ, ಮೊಣಕೈವರೆಗೆ ತುರಿಕೆ! ಕೈ ಬಾತು ಬನ್ನಿನ ಹಾಗಾಯಿತು. ವಾರ್ಡಿನ ನರ್ಸಮ್ಮ ಮುಲಾಮು ಹಚ್ಚುತ್ತಾ ಹೊಟ್ಟೆ ಹಿಡಿದುಕೊಂಡು ನಕ್ಕರು. ಸುಲಿದದ್ದನ್ನು ಎಸೆದೆ. ಇನ್ನೊಂದು ಫ್ರಿಜ್ಜಿನಲ್ಲಿದೆ.

ಇದು ಸೇಡೇ? ಸೇಡಾದರೂ ಪರವಾಗಿಲ್ಲ, ನೀನು ನನ್ನ ಮೇಲೆ ಸೇಡು ತೀರಿಸಿಕೊಳ್ಳುವಷ್ಟಾದರೂ ನೆನಪಿಟ್ಟಿದ್ದೀಯಲ್ಲ ಅಂತ ನನಗೆ ಖುಷಿಯೇ ಆಯಿತು. ಏನು ಅಂತ ಬರಿ. ಬೈದಾದರೂ ಬರಿ.

ನಿನ್ನ ತಮ್ಮ,
ಸಪ್ಪೆ
(ಈ ಹೆಸರು ಇಟ್ಟವಳು ನೀನೇ. ಇಲ್ಲಿ ಈಗ ಡಾಕ್ಟರುಗಳೂ ಹೀಗೇ ಕರೆಯುತ್ತಾರೆ.)


ಜನವರಿ 17

ಪೆದ್ದ ಸಪ್ಪೆಗೆ,

ಮೊದಲು ಫ್ರಿಜ್ಜಿನಿಂದ ಅದನ್ನು ಹೊರಗೆ ತೆಗಿ. ಈ ಕ್ಷಣ. ತೆಗೆದು ಬಂದು ಮುಂದೆ ಓದು.

ಅದು ಅಮ್ಮನ ಪೊಟ್ಟಣದ ಹೂವಿನ ಗೆಡ್ಡೆ ಕಣೋ! ಕ್ಯಾಲಾ ಲಿಲ್ಲಿ. ಕಡಲೆಕಾಯಿ ಕಟ್ಟುವ ಕಾಗದದ ಪೊಟ್ಟಣದ ಹಾಗೆ ಸುರುಳಿ ಸುತ್ತಿಕೊಂಡು ಬರುತ್ತದಲ್ಲ, ಬೀಟ್‌ರೂಟ್ ರಸದ ಬಣ್ಣದ್ದು, ಅದೇ. ಡಬ್ಬಿ ಕಳಿಸಿ ಕಾಗದ ಬರೆಯಲು ಕೂತೆ. ನಾಲ್ಕು ಬರೆದು ನಾಲ್ಕೂ ಹರಿದೆ. ಐದನೆಯದು ಮುಗಿಯುವಷ್ಟರಲ್ಲಿ ನೀನು ಅಡುಗೆಗೆ ಇಟ್ಟಾಗಿತ್ತು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಅನ್ನುವ ಗಾದೆ ನಿನ್ನನ್ನು ನೋಡಿಯೇ ಕಟ್ಟಿರಬೇಕು.

ಎಲ್ಲಿಂದ ಬಂತು ಅಂತ ಕೇಳುತ್ತೀಯ. ಹೇಳುತ್ತೇನೆ, ಕೂತುಕೋ. ಅಮ್ಮ ಹೋದ ಮೇಲೆ ಅವಳ ಮನೆ ಖಾಲಿ ಮಾಡುವಾಗ, ಒಣಗಿದ್ದ ಆ ಕುಂಡವನ್ನು ಲಿಫ್ಟಿನಲ್ಲಿ ಕೆಳಗೆ ಒಯ್ದು ಕಸಕ್ಕೆ ಹಾಕಿಸಿದ್ದೆಯಲ್ಲ? ನಾನು ಓಡಿ ಬರುವಷ್ಟರಲ್ಲಿ ಕಸದ ಗಾಡಿ ಹೊರಟುಹೋಗಿತ್ತಲ್ಲ? ಆ ಕುಂಡ ಗಾಡಿಗೆ ಹೋಗಿರಲೇ ಇಲ್ಲ. ಲಿಫ್ಟಿನವರು ಇಟ್ಟುಕೊಂಡಿದ್ದರು. ಕಳೆದ ಜುಲೈನಲ್ಲಿ ಆ ಕಟ್ಟಡದ ವಕೀಲರಿಗೆ ಬೈಂಡು ಮಾಡಿದ ಪುಸ್ತಕಗಳನ್ನು ಕೊಡಲು ಹೋದೆ. ಲಿಫ್ಟಿನ ಪಕ್ಕ, ಅವರ ಸ್ಟೂಲಿನ ಹಿಂದೆ, ಕಿಟಕಿಯಲ್ಲಿ ಅಮ್ಮನ ಹೂವು! ಲಿಫ್ಟಿನಲ್ಲಿ ಮೂರು ಸಲ ಮೇಲೆ ಹೋಗಿ ಕೆಳಗೆ ಬಂದೆ. ಪ್ರತಿ ಸಲವೂ ಅವರು, "ಮೇಲಕ್ಕಾ, ಕೆಳಕ್ಕಾ?" ಅಂತ ಕೇಳಿದರು. ನಾಲ್ಕನೆಯ ಸಲ ಏನೂ ಕೇಳದೆ ಒಂದು ಲೋಟ ನೀರು ಕೊಟ್ಟರು.

ಆಮೇಲೆ ಆ ಕಟ್ಟಡದಲ್ಲಿ ನನಗೆ ಕೆಲಸ ಜಾಸ್ತಿಯಾಯಿತು ಅಂತ ಇಟ್ಟುಕೋ. ಡಿಸೆಂಬರಿನಲ್ಲಿ ಅವರು ಕುಂಡ ಅಗೆದು, ಸಿಕ್ಕ ಮೂರೂ ಗೆಡ್ಡೆಗಳನ್ನು ಕರವಸ್ತ್ರದಲ್ಲಿ ಕಟ್ಟಿ ತಂದು ನನ್ನ ಮೇಜಿನ ಮೇಲಿಟ್ಟು, "ಇದು ನಿಮ್ಮನೇದು" ಅಂದರು. ಉಂಗುರದ ಬದಲು ಗೆಡ್ಡೆ ಕೊಟ್ಟ ಗಂಡಸು ಭೂಮಿಯ ಮೇಲೆ ಇವರೊಬ್ಬರೇ ಇರಬೇಕು. ಜೂನ್ 20ಕ್ಕೆ ನೋಂದಣಿ ಕಚೇರಿಯಲ್ಲಿ ಸಹಿ ಹಾಕುತ್ತೇವೆ. ನನಗೆ ಐವತ್ತನಾಲ್ಕು. ನಗಬೇಡ.

ಈಗ ನನ್ನ ಷರತ್ತು. ನೀನು ಅವತ್ತು ಬರಬಹುದು, ಆದರೆ ಕೈಯಲ್ಲಿ ಆ ಹೂವು ಇರಬೇಕು, ನೀನೇ ಬೆಳೆಸಿದ್ದು. ಹೂವಿಲ್ಲದಿದ್ದರೆ ಒಂದು ಶುಭಾಶಯ ಬರೆದು ಕಳಿಸು, ಸಾಕು. ಫೋನು ಬೇಡ, ಫೋನಿನಲ್ಲಿ ನಾವಿಬ್ಬರೂ ಕಿರುಚುತ್ತೇವೆ. ಮೂರರಲ್ಲಿ ಒಂದನ್ನು ನಾನಿಟ್ಟುಕೊಂಡು ಎರಡು ಕಳಿಸಿದ್ದೆ, ನೀನು ಒಂದನ್ನು ಸುಲಿದೆ. ಇರುವುದು ಒಂದೇ, ಹುಷಾರು. ಕುಂಡದ ತಳದಲ್ಲಿ ತೂತಿರಲಿ. ಸಡಿಲ ಮಣ್ಣು, ಮೂರರಲ್ಲೊಂದು ಪಾಲು ಮರಳು. ಕಣ್ಣು ಮೇಲೆ, ಬುಡ ಕೆಳಗೆ, ಎರಡು ಬೆರಳು ಆಳ.

ಇನ್ನೂ ಕೋಪದಲ್ಲಿರುವ,
ಅಕ್ಕ


ಜನವರಿ 24

ಗೋಂದಕ್ಕಾ! (ದಿನವಿಡೀ ಪುಸ್ತಕಕ್ಕೆ ಗೋಂದು ಮೆತ್ತುವವಳಿಗೆ ನಾನಿಟ್ಟ ಹೆಸರು, ಮರೆತಿಲ್ಲ ತಾನೇ?)

ಮದುವೆ! ನಾನು ಅಡುಗೆಮನೆಯಲ್ಲೇ ಕಾಗದ ಓದಿದೆ. ಓದಿ ಕೂಗಿದ ಕೂಗಿಗೆ ನರ್ಸಮ್ಮ ಯಾರೋ ಕೈ ಸುಟ್ಟುಕೊಂಡರೆಂದು ಮುಲಾಮು ಹಿಡಿದು ಓಡಿ ಬಂದರು. ಅವತ್ತು ಗಂಜಿಗೆ ಉಪ್ಪು ಹಾಕಿಬಿಟ್ಟೆ. ಇಪ್ಪತ್ತೆರಡು ವರ್ಷದಲ್ಲಿ ಮೊದಲ ಸಲ. ಇಡೀ ಹಂಡೆ ಚೆಲ್ಲಿ ಮತ್ತೆ ಮಾಡಬೇಕಾಯಿತು.

ಲಿಫ್ಟಿನವರು ನನಗೆ ನೆನಪಿದ್ದಾರೆ. ಅವತ್ತು ಕುಂಡ ಹಿಡಿದು ಲಿಫ್ಟಿನಲ್ಲಿ ನಿಂತಿದ್ದಾಗ ಅವರು, "ಇದು ಬೇಡ್ವಾ?" ಅಂತ ಕೇಳಿದ್ದರು. "ಸತ್ತಿದೆ, ಎಸೆದುಬಿಡಿ" ಅಂದಿದ್ದೆ. ಅವರು ಕುಂಡ ಈಸಿಕೊಂಡರು. ಹಾಗಾದರೆ ಲೆಕ್ಕ ಹಾಕಿ ನೋಡು, ನಾನು ಎಸೆಯದಿದ್ದರೆ ನಿನಗೆ ಗಂಡ ಸಿಗುತ್ತಿದ್ದನೇ? ಈ ಮದುವೆಯ ದಲ್ಲಾಳಿ ನಾನೇ! ಭಾವನಿಗೆ ನಮಸ್ಕಾರ ಹೇಳು. ಭಾವ ಅಂತ ಇದೇ ಮೊದಲ ಸಲ ಬರೆಯುತ್ತಿದ್ದೇನೆ, ನಮಗೆ ಭಾವ ಅಂತ ಯಾರೂ ಇರಲಿಲ್ಲವಲ್ಲ.

ಗೆಡ್ಡೆ ನೆಟ್ಟಿದ್ದೇನೆ. ಕಣ್ಣು ಮೇಲೆ, ಬುಡ ಕೆಳಗೆ. ಅಡುಗೆಮನೆಯ ಪೂರ್ವದ ಕಿಟಕಿ. ಸೌಟು ಬಿಟ್ಟು ಸೌಟು ಹಿಡಿಯುವಷ್ಟು ಹೊತ್ತಿನಲ್ಲಿ ಹತ್ತು ಸಲ ಹೋಗಿ ನೋಡುತ್ತೇನೆ. ಹೂವು ತಂದೇ ತರುತ್ತೇನೆ, ಬರೆದಿಟ್ಟುಕೋ. ನಿನ್ನದನ್ನು ನೆಟ್ಟೆಯಾ?

ದಲ್ಲಾಳಿ,
ಸಪ್ಪೆ


ಫೆಬ್ರುವರಿ 26

ಅಕ್ಕ,

ಕೆಟ್ಟ ಸುದ್ದಿ. ಒಂದು ತಿಂಗಳಾದರೂ ಏನೂ ಮೇಲೆ ಬರಲಿಲ್ಲ. ಬಾಯಾರಿರಬೇಕೆಂದು ದಿನಾ ಎರಡು ಹೊತ್ತು ನೀರು ಹಾಕಿದೆ. ಅಕ್ಕಿ ತೊಳೆದ ನೀರೂ ಹಾಕಿದೆ. ನನ್ನ ಕೆಲಸವೇ ತಿನ್ನಿಸುವುದಲ್ಲವೇ, ಯಾರಾದರೂ ಸುಮ್ಮನೆ ಮಲಗಿದ್ದರೆ ನನಗೆ ಇನ್ನೊಂದು ಸೌಟು ಬಡಿಸಬೇಕು ಅನ್ನಿಸುತ್ತದೆ. ಇವತ್ತು ಕುಂಡದಿಂದ ಕೊಳೆತ ಆಲೂಗಡ್ಡೆಯ ವಾಸನೆ ಬಂತು. ಬೆರಳು ಹಾಕಿ ನೋಡಿದರೆ ಗೆಡ್ಡೆಯ ಒಂದು ಬದಿ ಪಿಚಕ್ ಅಂತು.

ಇದನ್ನು ಎಸೆಯಲೋ ಇಡಲೋ ನನಗೆ ಗೊತ್ತಾಗುತ್ತಿಲ್ಲ. ನನಗೆ ಗೊತ್ತಾಗುವುದಿಲ್ಲ ಅಂತ ನೀನೇ ಹೇಳಿದ್ದೆಯಲ್ಲ. ಕಸದ ಗಾಡಿ ಹೋದ ಮೇಲೆ ಬೀದಿಯಲ್ಲಿ ನಿಂತು ಹೇಳಿದ್ದು: "ಮಲಗಿದ್ದನ್ನ ಸತ್ತಿದೆ ಅಂತೀಯ. ಸಾಯ್ತಿದ್ದವಳನ್ನ ಮಲಗಿದ್ದಾಳೆ ಅಂದೆ." ಏಳು ವರ್ಷದಲ್ಲಿ ಆ ಮಾತು ಕೇಳದ ದಿನವಿಲ್ಲ. ಅಮ್ಮ ನಮ್ಮ ಆಸ್ಪತ್ರೆಯಲ್ಲೇ ಇದ್ದಳು. ಆ ಸಂಜೆ ನಾನೇ ಗಂಜಿ ಒಯ್ದೆ, ಮೂರು ಚಮಚ ಕುಡಿದು ಕಣ್ಣು ಮುಚ್ಚಿದಳು. ನೀನು ಊರಿಂದ ಫೋನು ಮಾಡಿ, ಈಗಲೇ ಹೊರಡಲೇ ಅಂತ ಕೇಳಿದಾಗ, "ಮಲಗಿದ್ದಾಳೆ, ನಾಳೆ ಬಾ" ಅಂದೆ. ಬೆಳಿಗ್ಗೆ ನೀನು ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು.

ಅಕ್ಕ, ನಾನು ಸುಳ್ಳು ಹೇಳಲಿಲ್ಲ. ನನಗೆ ನಿಜವಾಗಿಯೂ ಅವಳು ಮಲಗಿದ್ದಾಳೆ ಅನ್ನಿಸಿತ್ತು. ಇದನ್ನು ಅವತ್ತೇ ಹೇಳಬೇಕಿತ್ತು.

ಗೆಡ್ಡೆಯನ್ನು ಏನು ಮಾಡಲಿ?

ತಮ್ಮ


ಮಾರ್ಚ್ 3

ಸಪ್ಪೆ,

ಎಸೆಯಬೇಡ. ನಾನು ಹೇಳಿದಷ್ಟು ಮಾಡು.

ಗೆಡ್ಡೆ ಹೊರಗೆ ತೆಗಿ. ಮಣ್ಣೆಲ್ಲ ಚೆಲ್ಲು, ಆ ಮಣ್ಣು ಮತ್ತೆ ಬೇಡ. ನಿನ್ನ ಅತಿ ಚೂಪಾದ ಚಾಕು ತೆಗೆದುಕೊಂಡು ಕೊಳೆತದ್ದನ್ನು ಕತ್ತರಿಸು. ಕನಿಕರ ತೋರಿಸಬೇಡ, ಒಳಗಿನ ಬಿಳಿ ಗಟ್ಟಿ ತಿರುಳು ಕಾಣುವವರೆಗೆ ಕತ್ತರಿಸು. ಪ್ರತಿ ಸಲವೂ ಚಾಕು ಒರೆಸು. ಕೈಗೆ ಗ್ಲೌಸು, ಮರೆಯಬೇಡ ಮಾರಾಯ! ಆಮೇಲೆ ಗಾಯಕ್ಕೆಲ್ಲ ಚಕ್ಕೆಪುಡಿ ಮೆತ್ತು. ಹೌದು, ಅಡುಗೆಯ ಚಕ್ಕೆಯೇ. ಬೂಜು ಹಿಡಿಯುವುದಿಲ್ಲ ಅಂತ ಲಿಫ್ಟಿನವರು ಹೇಳುತ್ತಾರೆ. ಮೂರು ದಿನ ನೆರಳಲ್ಲಿ ಗಾಳಿಗೆ ಬಿಡು. ಹೊಸ ಮಣ್ಣಿನಲ್ಲಿ ನೆಟ್ಟು ಒಂದೇ ಒಂದು ಲೋಟ ನೀರು. ಮೊಳಕೆ ಕಾಣುವವರೆಗೆ ಮಣ್ಣು ಸ್ವಲ್ಪ ತೇವ ಇದ್ದರೆ ಸಾಕು. ಅತಿಯಾದರೆ ಅಮೃತವೂ ವಿಷ, ಇನ್ನು ಅಕ್ಕಿ ತೊಳೆದ ನೀರಿನ ಮಾತೇನು.

ಲಿಫ್ಟಿನವರ ಹತ್ತಿರ ಒಂದು ತಗಡಿನ ಹಲಗೆ ಇದೆ, ಲಿಫ್ಟು ನಿಂತಾಗ ಬಾಗಿಲಿಗೆ ನೇತು ಹಾಕುವುದು. ಜನ ಅದನ್ನು ನೋಡಿದ ಮೇಲೂ ಗುಂಡಿ ಒತ್ತಿ ಒತ್ತಿ ನೋಡುತ್ತಾರಂತೆ. ನೀನು ಆ ಜಾತಿ. ಒತ್ತಬೇಡ. ಕಾಯಿ.

ನೀನು ಬರೆದ ಇನ್ನೊಂದು ವಿಷಯ ಓದಿದೆ. ಎರಡು ಸಲ ಓದಿದೆ.

ಅಕ್ಕ


ಮಾರ್ಚ್ 29

ಅಕ್ಕಾ ಅಕ್ಕಾ ಅಕ್ಕಾ!

ಬಂತು! ಬಂತು! ಪೆನ್ಸಿಲಿನ ಮೊನೆಯಷ್ಟು, ಎಳೆ ಹಸಿರು, ಮಣ್ಣನ್ನು ಒಂದು ಚೂರು ಎತ್ತಿ ಹಿಡಿದು ನಿಂತಿದೆ! ಕತ್ತರಿಸಿ ಕತ್ತರಿಸಿ ಕೊನೆಗೆ ಕೋಳಿಮೊಟ್ಟೆಯಷ್ಟೇ ಉಳಿದಿತ್ತು, ಅದರಲ್ಲಿ ಒಂದೇ ಕಣ್ಣು. ಚಕ್ಕೆಪುಡಿ ಮೆತ್ತಿ ತಟ್ಟೆಯಲ್ಲಿಟ್ಟಾಗ ನಮ್ಮವಳು, "ಇದನ್ನ ನೆಡ್ತೀರೋ, ಕರೀತೀರೋ?" ಅಂದಿದ್ದಳು. ಇವತ್ತು ಅವಳೇ ಮೊದಲು ನೋಡಿದ್ದು. "ರೀ, ನಿಮ್ಮಕ್ಕನ ಮದುವೆಗೆ ಬಟ್ಟೆ ತಗೋಬೇಕು" ಅಂತ ಕೂಗಿದಳು. ನಾನು ಸೌಟು ಹಿಡಿದೇ ಓಡಿದೆ.

ಇವತ್ತು ಮಾರ್ಚ್ 29. ಜೂನ್ 20ಕ್ಕೆ ಎಂಬತ್ತಮೂರು ದಿನ. ಆದೀತಾ? ಆಗಲೇಬೇಕು. ಗೋಡೆಗೆ ಗೀಟು ಹಾಕುತ್ತಿದ್ದೇನೆ. ನಿನ್ನದರಲ್ಲಿ ಎಷ್ಟು ಎಲೆ ಬಂದಿವೆ? ನೀನು ಒಂದು ಸಲವೂ ಬರೆಯಲೇ ಇಲ್ಲ.

ಸಪ್ಪೆ


ಏಪ್ರಿಲ್ 6

ಸಪ್ಪೆಗೆ,

ಹಾಲು ಕುಡಿದಷ್ಟು ಸಂತೋಷವಾಯಿತು. ಕಾಗದವನ್ನು ಲಿಫ್ಟಿನವರಿಗೆ ಗಟ್ಟಿಯಾಗಿ ಓದಿ ಹೇಳಿದೆ. ಅವರು ನಕ್ಕಿದ್ದನ್ನು ನೀನು ನೋಡಬೇಕಿತ್ತು, ಅವರು ನಗುವುದು ಲಿಫ್ಟು ಕೆಡುವುದಕ್ಕಿಂತ ಅಪರೂಪ.

ಈಗ ಬೆಳಕು ಚೆನ್ನಾಗಿರಲಿ, ಮಧ್ಯಾಹ್ನದ ಉರಿಬಿಸಿಲು ತಾಗದಿರಲಿ. ಮೇಲಿನ ಮಣ್ಣು ಒಣಗಿದರೆ ಮಾತ್ರ ನೀರು. ಇಲ್ಲಿ ಶಾಲೆಗಳ ಕೆಲಸ ತುಂಬ, ಅಂಟಿನಲ್ಲಿ ಮುಳುಗಿದ್ದೇನೆ. ನನ್ನದು ಇದೆ, ಇರುತ್ತದೆ. ನಿನ್ನದರ ಬಗ್ಗೆ ಬರಿ.

ಅಕ್ಕ


ಮೇ 2

ಅಕ್ಕ,

ಆರು ಎಲೆ! ಬಾಣದ ಮೊನೆಯ ಆಕಾರ, ಮೈಮೇಲೆ ಸುಣ್ಣ ಸಿಡಿದಂಥ ಬಿಳಿ ಚುಕ್ಕೆ. ರೋಗವೇನೋ ಅಂತ ಗಾಬರಿಯಾಗಿ ನರ್ಸಮ್ಮನಿಗೆ ತೋರಿಸಿದೆ. ಅವರು ಕನ್ನಡಕ ಹಾಕಿಕೊಂಡು ನೋಡಿ, "ಪೇಷೆಂಟ್ ಚೆನ್ನಾಗಿದ್ದಾರೆ, ಸಂಬಂಧಿಕರು ಸ್ವಲ್ಪ ಸಮಾಧಾನ ಮಾಡ್ಕೋಬೇಕು" ಅಂದರು.

ಇನ್ನೊಂದು ವಿಚಿತ್ರ. ಬೆಳಿಗ್ಗೆ ಪ್ರತಿ ಎಲೆಯ ತುದಿಯಲ್ಲೂ ಒಂದೊಂದು ಹನಿ ನೀರು. ನಾನು ಹಾಕಿದ್ದಲ್ಲ, ಆಣೆ! ಬೇರು ಕುಡಿದದ್ದು ಹೆಚ್ಚಾದರೆ ಎಲೆಯ ತುದಿಯಿಂದ ಬಿಡುತ್ತದಂತೆ. ಅಮ್ಮ ಬೆಳಿಗ್ಗೆ ಕಾಫಿ ಲೋಟ ಹಿಡಿದು ಕಿಟಕಿಯ ಹತ್ತಿರ ಬಗ್ಗಿ ಅದೇನು ನೋಡುತ್ತಿದ್ದಳು ಅಂತ ನನಗೆ ಯಾವಾಗಲೂ ಆಶ್ಚರ್ಯವಾಗುತ್ತಿತ್ತು. ಇದನ್ನೇ ನೋಡುತ್ತಿದ್ದಳು. ಈಗ ನಾನೂ ಲೋಟ ಹಿಡಿದು ನಿಲ್ಲುತ್ತೇನೆ. ಕಾಫಿ ಆರಿಹೋಗುತ್ತದೆ.

ಹೂವಿನ ಸುಳಿವು ಮಾತ್ರ ಇಲ್ಲ. ನಲವತ್ತೊಂಬತ್ತು ದಿನ ಉಳಿದಿವೆ.

ಸಪ್ಪೆ


ಮೇ 27

ಅಕ್ಕ,

ಎರಡೇ ಸಾಲು, ಹಾಲು ಒಲೆಯ ಮೇಲಿದೆ. ನಡುವಿನಿಂದ ಒಂದು ದಂಟು ಬಂದಿದೆ, ಎಲೆಯಲ್ಲ! ತುದಿ ದಪ್ಪ, ಬಿಗಿಯಾಗಿ ಸುತ್ತಿದ ಹಸಿರು ಪೊಟ್ಟಣ! ಆದರೆ ಹಸಿರೇ ಇದೆ, ಬಿಚ್ಚುತ್ತಿಲ್ಲ. ಇಪ್ಪತ್ತನಾಲ್ಕು ದಿನದಲ್ಲಿ ಬಿಚ್ಚುತ್ತದಾ? ಬಿಚ್ಚದಿದ್ದರೆ ನಾನು ಹೊರಗಿನ ಮೆಟ್ಟಿಲ ಮೇಲಾದರೂ ನಿಲ್ಲಬಹುದೇ? ಹಾಲು ಉಕ್ಕಿತು, ಹೋದೆ.

ಸಪ್ಪೆ


ಜೂನ್ 3

ನನ್ನ ತಮ್ಮನಿಗೆ,

ಈ ಕಾಗದವನ್ನೂ ನಾಲ್ಕು ಸಲ ಹರಿದಿದ್ದೇನೆ. ಇದು ಐದನೆಯದು, ಹೇಗೆ ಬರುತ್ತದೋ ಹಾಗೆ ಕಳಿಸುತ್ತೇನೆ.

ನನ್ನ ಗೆಡ್ಡೆ ಇಲ್ಲ. ಮಾರ್ಚ್ ಕೊನೆಯಲ್ಲೇ ಹೋಯಿತು. ನಿನ್ನದು ಮೊಳಕೆ ಬಂದ ವಾರವೇ. ಎರಡು ತಿಂಗಳು ಕಾದೆ, ಏನೂ ಬರಲಿಲ್ಲ. ಸತ್ತಿದೆ ಅಂದುಕೊಂಡೆ. ಬೆಳಿಗ್ಗೆ ಕಸದ ಗಾಡಿ ಬಂದಾಗ ಕುಂಡವನ್ನು ಅದರೊಳಕ್ಕೆ ಬೋರಲು ಹಾಕಿದೆ. ಮಣ್ಣು ಒಡೆದು ಬಿದ್ದಾಗ ಕಂಡಿತು. ಗೆಡ್ಡೆ ತಲೆಕೆಳಗಾಗಿತ್ತು. ಕಣ್ಣು ಕೆಳಗೆ, ಬುಡ ಮೇಲೆ. ಕೆಳಮುಖವಾಗಿ ಹೊರಟ ಮೊಳಕೆ ಕುಂಡದ ಗೋಡೆ ಹಿಡಿದು, ಸುತ್ತು ಬಳಸಿ, ಮೇಲಕ್ಕೆ ಬರುತ್ತಿತ್ತು. ಬೆರಳುದ್ದ ಬಂದಿತ್ತು ಕಣೋ, ಬೆಳ್ಳಗೆ! ಇನ್ನು ಒಂದು ವಾರ ಬಿಟ್ಟಿದ್ದರೆ ಮಣ್ಣು ದಾಟುತ್ತಿತ್ತು. ಗಾಡಿ ಹೊರಟಿತು. ಏಪ್ರನ್ ಕಟ್ಟಿಕೊಂಡೇ, ಅಂಟು ಹತ್ತಿದ ಕೈಯಲ್ಲೇ ಬೀದಿಯುದ್ದಕ್ಕೂ ಓಡಿದೆ. ಚಪ್ಪಲಿ ಒಂದು ಕಡೆ, ನಾನು ಒಂದು ಕಡೆ. ಸಿಗಲಿಲ್ಲ.

ಮೂವತ್ತು ವರ್ಷದಲ್ಲಿ ಒಂದು ಪುಸ್ತಕಕ್ಕೂ ರಟ್ಟು ತಲೆಕೆಳಗಾಗಿ ಹಾಕಿದವಳಲ್ಲ ನಾನು. ನಿನಗೆ ಕಣ್ಣು ಮೇಲೆ, ಬುಡ ಕೆಳಗೆ ಅಂತ ಪಾಠ ಬರೆದು ಕಳಿಸಿ, ಅದೇ ವಾರ ನನ್ನದನ್ನು ಹಾಗೆ ನೆಟ್ಟೆ. ಊರಿಗೆಲ್ಲ ಶಕುನ ಹೇಳಿದ ಹಲ್ಲಿ ಮಜ್ಜಿಗೆ ಗಡಿಗೆಗೆ ಬಿತ್ತು. ಲಿಫ್ಟಿನವರಿಗೆ ಎರಡು ತಿಂಗಳು ಹೇಳಲಿಲ್ಲ, ಅವರು ಕೊಟ್ಟ ಗೆಡ್ಡೆಯಲ್ಲವೇ. ನಿನ್ನೆ ಹೇಳಿದೆ. ಅವರು, "ಮೇಲೆ ಯಾವುದು, ಕೆಳಗೆ ಯಾವುದು ಅಂತ ನಂಗೂ ಎಷ್ಟೋ ಸಲ ಗೊತ್ತಾಗಲ್ಲ" ಅಂದರು. ಲಿಫ್ಟಿನವರು!

ನಿನಗೆ ಅವತ್ತು ಬೀದಿಯಲ್ಲಿ ಅಂದ ಮಾತನ್ನು ವಾಪಸ್ ತೆಗೆದುಕೊಳ್ಳುತ್ತೇನೆ. ಅಮ್ಮನ ಪಕ್ಕ ಅವತ್ತು ನಾನಿದ್ದರೂ ಮಲಗಿದ್ದಾಳೆ ಅಂತಲೇ ಅನ್ನುತ್ತಿದ್ದೆ. ಅವಳು ಕೊನೆಯ ಮೂರು ಚಮಚ ನಿನ್ನ ಕೈಯಿಂದ ಕುಡಿದಳು. ಅದು ನನಗೆ ಸಿಗಲಿಲ್ಲವಲ್ಲ ಅನ್ನುವ ಹೊಟ್ಟೆಕಿಚ್ಚಿಗೆ ಏಳು ವರ್ಷ ನಿನ್ನನ್ನು ಸುಟ್ಟೆ.

ಹೂವು ಬಿಚ್ಚಲಿ, ಬಿಡಲಿ. ಮೆಟ್ಟಿಲ ಮೇಲೆ ನಿಲ್ಲುತ್ತೀಯಂತೆ, ಮುಟ್ಠಾಳ! ಒಳಗೆ ನನ್ನ ಪಕ್ಕ ನಿಲ್ಲು. ಸಾಕ್ಷಿಯ ಸಹಿ ನಿನ್ನದೇ.

ಅಕ್ಕ


ಜೂನ್ 11

ಅಕ್ಕಾ!

ಬಿಚ್ಚಿತು! ಇವತ್ತು ಬೆಳಿಗ್ಗೆ, ಮೊದಲ ಗಂಜಿ ಇಳಿಸುವ ಹೊತ್ತಿಗೆ! ನಾಲ್ಕು ದಿನದಿಂದ ಹಸಿರಿನ ಅಂಚಿಗೆ ಕೆಂಪು ಹತ್ತುತ್ತಿತ್ತು, ಬರೆದರೆ ದೃಷ್ಟಿ ತಾಗೀತು ಅಂತ ಬರೆಯಲಿಲ್ಲ. ಬೀಟ್‌ರೂಟ್ ರಸವೇ, ಅದೇ ಬಣ್ಣ! ಇಡೀ ಅಡುಗೆಮನೆ ಕೆಲಸ ಬಿಟ್ಟು ನಿಂತಿತು. ನರ್ಸಮ್ಮ ಮೂರನೇ ವಾರ್ಡಿನ ಒಬ್ಬ ಅಜ್ಜಿಯನ್ನು ಗಾಲಿಕುರ್ಚಿಯಲ್ಲಿ ಕರೆತಂದು ತೋರಿಸಿದರು. ಗಂಜಿ ಬೇಡವೆಂದು ಹಟ ಮಾಡುತ್ತಿದ್ದ ಅಜ್ಜಿ ಹೂವು ನೋಡುತ್ತಾ ನೋಡುತ್ತಾ ಒಂದು ಬಟ್ಟಲು ಖಾಲಿ ಮಾಡಿದರು. ನಾನೇ ಕುಡಿಸಿದೆ. ಅಮ್ಮನ ನಂತರ ಯಾರಿಗೂ ಕೈಯಾರೆ ಕುಡಿಸಿರಲಿಲ್ಲ ಅಕ್ಕ. ಏಳು ವರ್ಷದಿಂದ ಬಟ್ಟಲನ್ನು ನರ್ಸಮ್ಮನ ಕೈಗೆ ಕೊಟ್ಟುಬಿಡುತ್ತಿದ್ದೆ, ನಿನಗೆ ಹೇಳಿರಲಿಲ್ಲ.

ನಿನ್ನ ಕಾಗದವನ್ನು ಜೇಬಿನಲ್ಲೇ ಇಟ್ಟುಕೊಂಡಿದ್ದೇನೆ. ಬಂದು ಪಕ್ಕದಲ್ಲಿ ನಿಲ್ಲುತ್ತೇನೆ. ಹೂವು ಕೀಳುವುದಿಲ್ಲ, ಕುಂಡವನ್ನೇ ತರುತ್ತೇನೆ. ಬಸ್ಸಿನಲ್ಲಿ ಆರು ಗಂಟೆ. ಕುಂಡಕ್ಕೆ ಕಿಟಕಿಯ ಪಕ್ಕದ ಸೀಟು, ನಾನು ನಮ್ಮವಳು ಈಚೆ. ಮದುವೆ ಊಟಕ್ಕೆ ಯಾರನ್ನೂ ಗೊತ್ತು ಮಾಡಬೇಡ, ನಾನು ಮಾಡುತ್ತೇನೆ. ಉಪ್ಪು ಹಾಕಿ.

ಸಾಕ್ಷಿ,
ಸಪ್ಪೆ


ನವೆಂಬರ್ 22

ಸಪ್ಪೆಗೆ,

ನೀನು ಮದುವೆಯ ದಿನ ಬಿಟ್ಟುಹೋದ ಕುಂಡ ಜುಲೈ ಪೂರ್ತಿ ಹೂವು ಹಿಡಿದು ನಿಂತಿತ್ತು. ಸೆಪ್ಟೆಂಬರಿನಲ್ಲಿ ಎಲೆ ಹಳದಿಯಾಯಿತು, ಆಮೇಲೆ ಒಂದೊಂದೇ ಮಲಗಿತು. ನೀರು ನಿಲ್ಲಿಸಿದೆವು. ಕೊನೆಯ ಎಲೆ ಬಿದ್ದ ದಿನ ನಿನ್ನ ಭಾವ ಲಿಫ್ಟಿನ ಹಲಗೆ ತಂದು ಕುಂಡಕ್ಕೆ ನೇತು ಹಾಕಿದರು: "ಕೆಟ್ಟಿಲ್ಲ. ನಿಂತಿದೆ. ದಯವಿಟ್ಟು ಕಾಯಿರಿ." ನಾನು ಏನೂ ಮುಟ್ಟದಿರಲಿ ಅಂತ. ಕಸದ ಗಾಡಿಯ ಗಂಟೆ ಕೇಳಿದರೆ ಈಗಲೂ ಅವರು ಒಮ್ಮೆ ಕುಂಡದ ಕಡೆ, ಒಮ್ಮೆ ನನ್ನ ಕಡೆ ನೋಡುತ್ತಾರೆ.

ನಿನ್ನೆ ಅಗೆದೆವು. ನಿನ್ನ ಒಂಟಿ ಕಣ್ಣಿನ ಮೊಟ್ಟೆ ಈಗ ಮುಷ್ಟಿಯಷ್ಟಾಗಿದೆ, ಪಕ್ಕದಲ್ಲಿ ಮೂರು ಮರಿ. ದೊಡ್ಡದು ನಿನಗೆ. ಒಂದು ಮರಿ ಆ ನರ್ಸಮ್ಮನಿಗೆ.

ಈ ಸಲ ಕಾಗದ ಮೊದಲು ಕಳಿಸುತ್ತಿದ್ದೇನೆ. ಡಬ್ಬಿ ನಾಳೆ ಹೊರಡುತ್ತದೆ. ಸಿಪ್ಪೆ ಸುಲಿಯಬೇಡ.

ಅಕ್ಕ